ಬ್ಯಾಟರಿಗೂ ಬೇಕು ಭದ್ರವಾದ ಗೂಡು

ಜೋಗಿಮಟ್ಟಿಯ ಗಾಳಿಯಂತ್ರಗಳು ಚಿತ್ರದುರ್ಗದ ಗುರುತಾಗಿ ವರ್ಷಗಳೇ ಕಳೆದಿವೆ. ಈಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾರಸಿಗಳ ಮೇಲೂ ಸೌರಫಲಕಗಳು ಕಾಣಿಸುತ್ತಿವೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 3 ಕಿಲೊವಾಟ್ ಹಾಗೂ ಅದಕ್ಕೂ ದೊಡ್ಡ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ಆದರೆ ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಘಟಕ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಹೀಗಾಗಿ ಜನ ಬ್ಯಾಟರಿಯ ಮೊರೆ ಹೋಗುತ್ತಾರೆ. ಅದನ್ನು ಇಡುವ ಜಾಗ ಯಾವುದು? ನಾನು ಕಂಡ ಬಹುತೇಕ ಮನೆಗಳಲ್ಲಿ ಮೆಟ್ಟಿಲ ಕೆಳಗಿನ ಸಂದು. ತೋಟದ ಮನೆಗಳಲ್ಲಾದರೆ ಒಣಕೊಬ್ಬರಿ, ತೆಂಗಿನ ಸಿಪ್ಪೆಯ ರಾಶಿಯ ಪಕ್ಕ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೆಂಬ ಧೈರ್ಯ ನಮ್ಮದು. ಆದರೆ 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಸುಮಾರು 1.8 ಯೂನಿಟ್ ವಿದ್ಯುತ್ ಅಡಗಿರುತ್ತದೆ. ಅದರ ಎರಡು ತುದಿಗಳು ಕೂಡಿದರೆ ಸಾವಿರಾರು ಆಂಪಿಯರ್ ಹರಿದು ತಂತಿ ಕೆಂಡವಾಗುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿದರೂ ಅದು ನಿಲ್ಲದು. ಮನೆಗೆ ಬರುವ ಎಸಿ ವಿದ್ಯುತ್ ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಬ್ಯಾಟರಿಯ ಡಿಸಿ ವಿದ್ಯುತ್ತಿಗೆ ಅಂಥ ವಿರಾಮವಿಲ್ಲ. ಆದ್ದರಿಂದ ಡಿಸಿಗೆಂದೇ ತಯಾರಿಸಿದ ಫ್ಯೂಸ್ ಅಥವಾ ಬ್ರೇಕರ್ ಬ್ಯಾಟರಿಯ ಸಮೀಪದಲ್ಲೇ ಇರಬೇಕು. ದೂರವಿಟ್ಟಷ್ಟೂ ನಡುವಿನ ತಂತಿ ಅರಕ್ಷಿತ.

ಹಾಗೆಂದು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮುಚ್ಚುವುದೂ ಅಪಾಯವೇ. ಸೀಸದ ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಸೂಸುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟಾದರೆ ಒಂದು ಕಿಡಿ ಸಾಕು. ಆದ್ದರಿಂದ ಫ್ಯೂಸ್‌ಗೆ ಪ್ರತ್ಯೇಕ ಖಾನೆ, ಬ್ಯಾಟರಿಯ ಖಾನೆಗೆ ಮೇಲೂ ಕೆಳಗೂ ಗಾಳಿಕಂಡಿ ಇರಬೇಕು. ಲಿಥಿಯಂ ಬ್ಯಾಟರಿ ಅತಿಯಾಗಿ ಕಾದರೆ ದಹ್ಯ ಅನಿಲ ಉಗುಳುತ್ತದೆ. ಹೆಚ್ಚು ಸುರಕ್ಷಿತವೆನಿಸಿದ ಐರನ್ ಫಾಸ್ಫೇಟ್ ಬಗೆಯೂ ಇದಕ್ಕೆ ಹೊರತಲ್ಲ. ಅದರ ಗೂಡು ಉರಿಯದ ವಸ್ತುವಿನದಾಗಿ, ಅನಿಲವನ್ನು ಮನೆಯಾಚೆಗೆ ಬಿಡುವಂತಿರಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ನೆರಳೂ ಅಷ್ಟೇ ಮುಖ್ಯ.

ಇದು ಅತಿಯಾದ ಆತಂಕವೆನ್ನುವವರು 2022ರ ಸೆಪ್ಟೆಂಬರ್‌ನ ಸಿಕಂದರಾಬಾದ್ ದುರಂತವನ್ನು ನೆನೆಯಲಿ. ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಮಂದಿ ಪ್ರಾಣ ಕಳೆದುಕೊಂಡರು. ಮೆಟ್ಟಿಲು ಹೊಗೆಯ ಹಾದಿಯಾದರೆ ಮನುಷ್ಯರಿಗೆ ಹಾದಿಯಿಲ್ಲ. ಆ ವರ್ಷದ ಡಿಸೆಂಬರ್‌ನಿಂದ ಕೇಂದ್ರವು ವಾಹನ ಬ್ಯಾಟರಿಗಳ ನಿಯಮ ಬಿಗಿಗೊಳಿಸಿತು. ಬ್ರಿಟನ್ನಿನಲ್ಲಿ 2024ರಲ್ಲಿ ಪ್ರಕಟವಾದ ಮಾನದಂಡವು ಮಲಗುವ ಕೋಣೆ, ಅಟ್ಟ, ಮೆಟ್ಟಿಲು, ಹೊರಹೋಗುವ ದಾರಿಗಳಲ್ಲಿ ಮನೆಬ್ಯಾಟರಿ ಇಡಬಾರದೆಂದು ಹೇಳುತ್ತದೆ.

ಬಡ, ಮಧ್ಯಮ ವರ್ಗದ ಮನೆಗೆ ಇದು ಹೆಚ್ಚುವರಿ ಹೊರೆಯೆಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಜಾಗ ಬದಲಿಸಲು ಖರ್ಚು ಕಡಿಮೆ. ಫ್ಯೂಸ್‌ನ ಬೆಲೆ ಬ್ಯಾಟರಿಯ ಬೆಲೆಯ ಅಲ್ಪಾಂಶ. ಗೂಡಿನ ವೆಚ್ಚಕ್ಕೆ ಸಹಾಯಧನದ ನೆರವು ವಿಸ್ತರಿಸಬಹುದು. ಸೌರಘಟಕಕ್ಕೆ ಮೀಟರ್ ಜೋಡಿಸುವಾಗಲೇ ಬೆಸ್ಕಾಂ ಸಿಬ್ಬಂದಿ ಬ್ಯಾಟರಿಯ ಸ್ಥಳವನ್ನೂ ಫ್ಯೂಸನ್ನೂ ನೋಡಿ ದಾಖಲಿಸಲಿ. ಐಟಿಐಗಳಲ್ಲಿ ಡಿಸಿ ರಕ್ಷಣೆಯ ತರಬೇತಿ ಸಿಗಲಿ. ಗೂಡನ್ನು ಸ್ಥಳೀಯ ವೆಲ್ಡಿಂಗ್ ಶೆಡ್ಡುಗಳೇ ತಯಾರಿಸುವಂತೆ ಪ್ರಮಾಣಿತ ನಕ್ಷೆಯೊಂದನ್ನು ಸರ್ಕಾರ ಕನ್ನಡದಲ್ಲಿ ಪ್ರಕಟಿಸಲಿ. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ, ನೀರಿಗೇ ಪರದಾಡಿದ ಈ ಸೀಮೆಗಂತೂ ಬೇಡ.