ಬಸ್ಸಿನ ಬಾಡಿಗೆ ಕೊನೆಯ ಪ್ರಶ್ನೆಯಾಗಲಿ

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕಿನ ಹರಾಜು ಮುಗಿಯುತ್ತ ಬಂದಂತೆ, ಕೃಷ್ಣರಾಜನಗರದಲ್ಲಿ ಅಕ್ಕಿ ಗಿರಣಿಗಳ ಒತ್ತಡ ತಗ್ಗಿದಂತೆ ನಮ್ಮ ವರ್ತಕ ಬಂಧುಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಕೆಲಸಗಾರರನ್ನು ಧರ್ಮಸ್ಥಳ, ಕುಕ್ಕೆಗೆ ಕರೆದೊಯ್ಯುವವರುಂಟು. ಸಂಘದ ಸದಸ್ಯರೊಡನೆ ತಿರುಪತಿಗೆ ಹೊರಡುವವರುಂಟು. ಹೆಗ್ಗಡದೇವನಕೋಟೆಯ ಮಿತ್ರರಿಗೆ ವಯನಾಡು ಹತ್ತಿರ. ಇದು ಒಳ್ಳೆಯ ಸಂಪ್ರದಾಯ. ವರ್ಷವಿಡೀ ದುಡಿದವರಿಗೆ ಎರಡು ದಿನದ ಬಿಡುವು ಕೊಡುವುದು ಮಾಲೀಕನಿಗೆ ಶೋಭೆ ತರುವ ಕೆಲಸವೇ ಸರಿ.

ಆದರೆ ಈ ಪ್ರವಾಸಗಳಿಗೆ ವಾಹನವನ್ನು ಗೊತ್ತುಮಾಡುವ ಕ್ರಮ ಮಾತ್ರ ನಮ್ಮ ವ್ಯಾಪಾರದ ಶಿಸ್ತಿಗೆ ತಕ್ಕುದಾಗಿಲ್ಲ. ಲೆಕ್ಕಪರಿಶೋಧನೆಯ ಕಾಲದಲ್ಲಿ ನನ್ನ ಮುಂದೆ ಬರುವ ವೋಚರುಗಳೇ ಇದಕ್ಕೆ ಸಾಕ್ಷಿ. ಒಂದು ಮೂಟೆ ಗೊಬ್ಬರಕ್ಕೂ ಬಿಲ್ಲು, ಲಾರಿ ಸಂಖ್ಯೆ, ತೂಕದ ಚೀಟಿ ಇಟ್ಟುಕೊಳ್ಳುವ ವರ್ತಕರು, ನಲವತ್ತೈದು ಜನರ ಪ್ರಾಣವನ್ನು ಒಪ್ಪಿಸಿದ ವಾಹನದ ವಿಷಯದಲ್ಲಿ 'ಬಸ್ ಬಾಡಿಗೆ' ಎಂಬ ಎರಡು ಪದಗಳ ಚೀಟಿಗೆ ತೃಪ್ತರಾಗುತ್ತಾರೆ. ಅದರಲ್ಲಿ ವಾಹನದ ಸಂಖ್ಯೆಯಿರುವುದಿಲ್ಲ, ಮಾಲೀಕನ ಸಹಿಯಿರುವುದಿಲ್ಲ. ಕೇಳಿದ ಪ್ರಶ್ನೆ ಒಂದೇ: ಕಿಲೋಮೀಟರಿಗೆ ಎಷ್ಟು?

ಈ ಪ್ರಶ್ನೆ ಕೊನೆಯದಾಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಸುತ್ತಮುತ್ತಲಿನ ಘಟನೆಗಳನ್ನೇ ನೆನೆಯೋಣ. 2010ರ ಡಿಸೆಂಬರ್‌ನಲ್ಲಿ ಮೈಸೂರು–ನಂಜನಗೂಡು ಮಾರ್ಗದ ಉಂಡಬತ್ತಿ ಕೆರೆಗೆ ಜನರಿಂದ ತುಂಬಿದ್ದ ಟೆಂಪೊ ಉರುಳಿ 31 ಮಂದಿ ಮೃತಪಟ್ಟರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. 2020ರ ಫೆಬ್ರವರಿ 15ರಂದು ಮೈಸೂರಿನ ಸಂಸ್ಥೆಯೊಂದರ ನೌಕರರನ್ನು ಕರಾವಳಿ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ಕಾರ್ಕಳದ ಬಳಿ ಘಾಟಿ ರಸ್ತೆಯಲ್ಲಿ ಬಂಡೆಗೆ ಅಪ್ಪಳಿಸಿ 9 ಮಂದಿ ಅಸುನೀಗಿದರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನಲ್ಲಿ ದೇವರ ದರ್ಶನ ಮುಗಿಸಿ ಮರಳುತ್ತಿದ್ದವರ ವಾಹನ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆದು 13 ಜನ ಮಡಿದರು. ಕಾರಣಗಳು ಬೇರೆ ಬೇರೆ. ಆದರೆ ಘಾಟಿ, ನಸುಕಿನ ಹೊತ್ತು, ಮಿತಿಮೀರಿದ ಜನ, ಇವೆಲ್ಲ ಪ್ರವಾಸ ಹೊರಡುವ ಮುನ್ನವೇ ಯೋಚಿಸಬಹುದಾದ ಸಂಗತಿಗಳು.

ಮೊದಲನೆಯದಾಗಿ ದಾಖಲೆಗಳು. ವಾಹನಕ್ಕೆ ಹಳದಿ ಫಲಕವಿರಬೇಕು. ಬಿಳಿ ಫಲಕದ ಸ್ವಂತ ಬಳಕೆಯ ವಾಹನವನ್ನು ಬಾಡಿಗೆಗೆ ಪಡೆಯಲೇಬಾರದು. ಒಪ್ಪಂದ ವಾಹನದ ರಹದಾರಿ ಚಾಲ್ತಿಯಲ್ಲಿರಬೇಕು. ಬಾವಲಿ ದಾಟಿ ಕೇರಳಕ್ಕೋ ತಿರುಪತಿಗೋ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ರಹದಾರಿ ಬೇಕು. ಅಂಥ ವಾಹನದಲ್ಲಿ ಪ್ರಯಾಣಿಕರ ಪಟ್ಟಿಯೂ ಇರಬೇಕೆಂಬ ನಿಯಮವಿದೆ. ಮೂರನೆಯದು ಎಫ್‌ಸಿ, ಅಂದರೆ ಅರ್ಹತಾ ಪತ್ರ. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷವೂ ಇದನ್ನು ನವೀಕರಿಸಬೇಕು. ನಾಲ್ಕನೆಯದು ವಿಮೆ. ಇವನ್ನು ನೋಡಲು ಇಂದು ಹುಣಸೂರಿನ ಆರ್‌ಟಿಒ ಕಚೇರಿಗೆ ಅಲೆಯಬೇಕಾಗಿಲ್ಲ. ವಾಹನದ ಸಂಖ್ಯೆ ಗೊತ್ತಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಅರ್ಹತೆ, ವಿಮೆಗಳ ಅವಧಿ ಎರಡು ನಿಮಿಷದಲ್ಲಿ ಕಾಣುತ್ತದೆ. ಸಂಖ್ಯೆ ಹೇಳಲು ಹಿಂಜರಿಯುವ ಏಜೆಂಟನೊಡನೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ವಿಮೆಯ ವಿಷಯವನ್ನು ತುಸು ವಿವರಿಸಬೇಕು, ಏಕೆಂದರೆ ಇಲ್ಲಿಯೇ ಹೆಚ್ಚಿನ ತಪ್ಪುಕಲ್ಪನೆಯಿದೆ. 'ಇನ್ಶೂರೆನ್ಸ್ ಇದೆ' ಎಂದರೆ ಎಲ್ಲರಿಗೂ ಇದೆ ಎಂದರ್ಥವಲ್ಲ. 42 ಪ್ರಯಾಣಿಕರಿಗೆ ಅನುಮತಿಯಿದ್ದ ಬಸ್ಸಿನಲ್ಲಿ ಸುಮಾರು 90 ಮಂದಿ ಇದ್ದ ಅಂಜನಾ ಶ್ಯಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ವಿಮಾ ಕಂಪನಿಯ ಹೊಣೆ 42 ಜನರಿಗೆ ಮಾತ್ರ ಸೀಮಿತವೆಂದು ತೀರ್ಮಾನಿಸಿತು. ಆ ಹಣವೇ ಎಲ್ಲ ಸಂತ್ರಸ್ತರಲ್ಲಿ ಹಂಚಿಹೋಗಬೇಕಾಯಿತು. ಉಳಿದುದನ್ನು ಬಸ್ಸಿನ ಮಾಲೀಕನಿಂದ ವಸೂಲು ಮಾಡಬೇಕು. ಅವನ ಬಳಿ ಇದ್ದ ಆಸ್ತಿಯೆಂದರೆ ಆ ಬಸ್ಸೇ ಆಗಿದ್ದರೆ? 'ಇನ್ನು ಐದು ಜನ ಅಡ್ಜಸ್ಟ್ ಮಾಡಿ' ಎನ್ನುವ ಸಂಘದ ಕಾರ್ಯದರ್ಶಿ, ಉಳಿದ ನಲವತ್ತು ಜನರ ಪರಿಹಾರದಲ್ಲಿಯೂ ಪಾಲು ಕೊಟ್ಟುಬಿಡುತ್ತಾನೆ. ರಹದಾರಿಯಿಲ್ಲದೆ ವಾಹನ ಓಡಿಸುವುದು ವಿಮೆಯ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಇನ್ನು ಸರಕು ಸಾಗಣೆ ಟೆಂಪೊದಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನರಿಗೆ ವಿಮೆಯ ರಕ್ಷಣೆಯಿಲ್ಲವೆಂಬುದು 2002ರ ಆಶಾ ರಾಣಿ ತೀರ್ಪಿನಿಂದಲೇ ಸ್ಪಷ್ಟ. ತಂಬಾಕು ಬಿಡಿಸಲು, ನಾಟಿ ಮಾಡಲು ಹೆಣ್ಣುಮಕ್ಕಳನ್ನು ಗೂಡ್ಸ್ ಆಟೊಗಳಲ್ಲಿ ನಿಲ್ಲಿಸಿಕೊಂಡು ಹೋಗುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು.

ಎರಡನೆಯದಾಗಿ ಚಾಲಕ. ಚಾಲಕನ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂಬ ತತ್ತ್ವ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಕಾಲದಿಂದ ಬಂದದ್ದು. ಈಗ ನಮ್ಮ ಪ್ರವಾಸದ ಪಟ್ಟಿಯನ್ನು ನೋಡಿ. ರಾತ್ರಿ ಹತ್ತಕ್ಕೆ ಹೊರಡುವುದು, ಬೆಳಗ್ಗೆ ದರ್ಶನ, ಹಗಲೆಲ್ಲ ನಾಲ್ಕು ಸ್ಥಳ, ಮತ್ತೆ ರಾತ್ರಿ ಪ್ರಯಾಣ, ಮಾರನೆಯ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಊರು. ಲಾಡ್ಜಿನ ಖರ್ಚು ಉಳಿಯಿತೆಂದು ನಾವು ಹಿಗ್ಗುತ್ತೇವೆ. ನಾವು ದರ್ಶನದ ಸಾಲಿನಲ್ಲಿದ್ದಾಗ ಚಾಲಕ ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ಅರೆನಿದ್ದೆ ಮಾಡಿರುತ್ತಾನೆ. ಎರಡನೆಯ ರಾತ್ರಿ ಸಂಪಾಜೆ ಘಾಟಿಯನ್ನು ಹತ್ತಿಸುವವನು ಅವನೇ. ಇಲ್ಲಿ ಬಸ್ಸಿನ ಕಂಪನಿಗಿಂತ ಪಟ್ಟಿ ಬರೆದವರ ಹೊಣೆ ದೊಡ್ಡದು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬಸ್ಸು ಓಡಬಾರದು. ಓಡಲೇಬೇಕಾದರೆ ಇಬ್ಬರು ಚಾಲಕರಿರಬೇಕು, ಇಬ್ಬರ ಪರವಾನಗಿಯನ್ನೂ ನೋಡಿರಬೇಕು. ಕ್ಲೀನರನನ್ನು ಎರಡನೆಯ ಚಾಲಕನೆಂದು ತೋರಿಸುವ ಚಾಳಿಗೆ ಮೋಸಹೋಗಬಾರದು. ತಂಗುವ ಊರಿನಲ್ಲಿ ಚಾಲಕನಿಗೂ ಒಂದು ಕೊಠಡಿಯನ್ನು ನಮ್ಮ ಖರ್ಚಿನಲ್ಲಿಯೇ ಹಿಡಿಯಬೇಕು.

ಹೆಗ್ಗಡದೇವನಕೋಟೆಯ ಮಿತ್ರರಿಗೆ ಇನ್ನೊಂದು ಮಾತು. ಬಾವಲಿ ಮಾರ್ಗದ ಕಾಡಿನ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಾನಂದವಾಡಿಯಲ್ಲಿ ಊಟ ತಡವಾದರೆ ಗೇಟು ಮುಚ್ಚುವ ಮುನ್ನ ತಲುಪಿಸೆಂದು ಚಾಲಕನ ಮೇಲೆ ಒತ್ತಡ ಬೀಳುತ್ತದೆ. ತಡವಾದರೆ ಅಲ್ಲಿಯೇ ತಂಗುವುದೆಂದು ಮೊದಲೇ ನಿಶ್ಚಯಿಸಿ, ಅದಕ್ಕೆ ಹಣ ತೆಗೆದಿರಿಸಿಕೊಂಡು ಹೊರಡುವುದು ಲೇಸು.

ಮೂರನೆಯದಾಗಿ ವಾಹನವನ್ನು ಕಣ್ಣಾರೆ ನೋಡುವುದು. ಸವೆದ ಟೈರು, ತೆರೆಯದ ತುರ್ತು ಬಾಗಿಲು, ನಡುದಾರಿಯಲ್ಲಿ ಜೋಡಿಸಿದ ಹೆಚ್ಚುವರಿ ಸೀಟು, ಇವನ್ನು ಗುರುತಿಸಲು ತಾಂತ್ರಿಕ ವಿದ್ಯೆ ಬೇಡ. ತುರ್ತು ಬಾಗಿಲನ್ನು ತೆರೆದು ತೋರಿಸುವಂತೆ ಕೇಳಿ. ಗಾಜು ಒಡೆಯುವ ಸುತ್ತಿಗೆ, ಬೆಂಕಿ ಆರಿಸುವ ಸಿಲಿಂಡರು ಇವೆಯೇ ನೋಡಿ. 2013ರ ಅಕ್ಟೋಬರ್ 30ರಂದು ಪಾಲೆಮ್ ಬಳಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸಿನಲ್ಲಿ 45 ಜನ ಸುಟ್ಟುಹೋದರು. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಮತ್ತೆ ಅಂಥದೇ ದುರಂತ. ಬೆಂಕಿ ಹತ್ತಿದಾಗ ಬಾಗಿಲು ಹುಡುಕಲು ಸಮಯವಿರುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಎಲ್ಲರಿಗೂ ಅದನ್ನು ತೋರಿಸಿರಬೇಕು.

ನಾಲ್ಕನೆಯದಾಗಿ ಲಿಖಿತ ಒಪ್ಪಂದ. ಒಂದು ಪುಟ ಸಾಕು. ವಾಹನದ ಸಂಖ್ಯೆ, ಚಾಲಕರ ಹೆಸರು, ಪ್ರಯಾಣಿಕರ ಸಂಖ್ಯೆ, ನಿಲ್ದಾಣಗಳು, ಬಾಡಿಗೆ, ಬಾಟಾ, ಟೋಲ್ ಯಾರದು ಎಂಬುದು ಅದರಲ್ಲಿರಲಿ. 'ಬದಲಿ ವಾಹನ ಕಳುಹಿಸಿದರೆ ಅದರ ದಾಖಲೆಗಳನ್ನು ಹಿಂದಿನ ದಿನವೇ ಒಪ್ಪಿಸತಕ್ಕದ್ದು. ಇಲ್ಲವಾದರೆ ಮುಂಗಡ ಹಿಂದಿರುಗಿಸತಕ್ಕದ್ದು' ಎಂಬ ವಾಕ್ಯವನ್ನು ಮರೆಯದೆ ಸೇರಿಸಿ. ಒಳ್ಳೆಯ ಬಸ್ಸು ತೋರಿಸಿ ಬೇರೆ ಬಸ್ಸು ಕಳುಹಿಸುವುದು ಈ ವ್ಯವಹಾರದ ಹಳೆಯ ತಂತ್ರ.

ತೆರಿಗೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಇಂಧನ ಸಹಿತ ಬಾಡಿಗೆಗೆ ಜಿಎಸ್‌ಟಿ ಶೇ. 5, ಪೂರ್ಣ ಹುಟ್ಟುವಳಿ ತೆರಿಗೆ ಜಮೆ ಪಡೆಯುವ ಬಸ್ ಕಂಪನಿಯಾದರೆ 2025ರ ಸೆಪ್ಟೆಂಬರ್ 22ರಿಂದ ಶೇ. 18. ನಿಮ್ಮದು ನೋಂದಾಯಿತ ಕಂಪನಿಯಾಗಿದ್ದು, ಬಸ್ಸಿನವರು ಕಂಪನಿಯಲ್ಲದೆ ಶೇ. 18 ವಿಧಿಸದಿದ್ದರೆ, ಶೇ. 5ನ್ನು ನೀವೇ ಕಟ್ಟಬೇಕಾಗುತ್ತದೆ. ಒಂದೇ ದಿನ 10,000 ರೂಪಾಯಿಗೆ ಮೀರಿದ ನಗದು ಪಾವತಿ ವೆಚ್ಚವಾಗಿ ಮಾನ್ಯವಾಗದು. ಇದು ಕೇವಲ ತೆರಿಗೆಯ ಮಾತಲ್ಲ. ನಾಳೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ವಾಹನವನ್ನು ಯಾರು, ಯಾರಿಂದ, ಏತಕ್ಕಾಗಿ ಪಡೆದರು ಎಂಬುದಕ್ಕೆ ಆ ಬಿಲ್ಲು ಮತ್ತು ಬ್ಯಾಂಕ್ ಪಾವತಿಯೇ ಆಧಾರ. ಕೆಲಸಗಾರರ ನಿತ್ಯ ಸಾಗಣೆಗೆ ವಾಹನ ಪಡೆಯುವವರು ಇನ್ನೊಂದನ್ನು ಗಮನಿಸಬೇಕು: 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಮನೆಯಿಂದ ಕೆಲಸಕ್ಕೆ ಬರುವಾಗಿನ ಅಪಘಾತವೂ ಉದ್ಯೋಗಕ್ಕೆ ಸಂಬಂಧ ಸ್ಥಾಪಿತವಾದರೆ ಮಾಲೀಕನ ಹೊಣೆಗೆ ಒಳಪಡುತ್ತದೆ.

ಇಷ್ಟೆಲ್ಲ ಕೇಳಿದರೆ ನಮ್ಮ ತಾಲ್ಲೂಕುಗಳ ಒಂದೆರಡು ಬಸ್ಸಿನ ಸಣ್ಣ ಮಾಲೀಕರು ಉಳಿಯುವರೇ ಎಂಬ ಆಕ್ಷೇಪವುಂಟು. ಇದು ಅಲಕ್ಷಿಸುವಂಥದಲ್ಲ, ಅವರೂ ನಮ್ಮಂತೆಯೇ ಸಣ್ಣ ಉದ್ಯಮಿಗಳು. ಆದರೆ ನಾನು ದೊಡ್ಡ ಕಂಪನಿಯನ್ನು ಆರಿಸಿರೆಂದು ಹೇಳುತ್ತಿಲ್ಲ. ಸ್ವಂತ ಬಸ್ಸನ್ನು ಕಣ್ಣಿನ ರೆಪ್ಪೆಯಂತೆ ಕಾಯುವ ಒಂಟಿ ಮಾಲೀಕನು, ಕಮಿಷನ್ ಏಜೆಂಟನ ಮೂಲಕ ಬರುವ ಅಪರಿಚಿತ ವಾಹನಕ್ಕಿಂತ ಎಷ್ಟೋ ಮೇಲು. ಅವನನ್ನು ಮುಳುಗಿಸುತ್ತಿರುವುದು ನಮ್ಮ ದಾಖಲೆಯ ಪ್ರಶ್ನೆಗಳಲ್ಲ, ನಮ್ಮ ಚೌಕಾಸಿ. ಡೀಸೆಲ್ ದರವನ್ನು ಅವನು ಇಳಿಸಲಾರ, ಬ್ಯಾಂಕಿನ ಕಂತನ್ನು ತಪ್ಪಿಸಲಾರ. ಬಾಡಿಗೆ ಇಳಿಸಿದಾಗ ಅವನು ಕಡಿತಮಾಡಬಲ್ಲದ್ದು ಟೈರು, ಬ್ರೇಕಿನ ದುರಸ್ತಿ, ಎರಡನೆಯ ಚಾಲಕ, ಇವಿಷ್ಟೇ. ಅಂದರೆ ನಾವು ಉಳಿಸಿದ ಪ್ರತಿ ರೂಪಾಯಿಯೂ ನಮ್ಮದೇ ಸುರಕ್ಷತೆಯ ಖಾತೆಯಿಂದ ಖರ್ಚು ಬೀಳುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸುಗಳೂ ಒಪ್ಪಂದದ ಮೇಲೆ ದೊರೆಯುತ್ತವೆ. ಅವುಗಳ ದರವನ್ನು ಹೋಲಿಕೆಗೆ ಇಟ್ಟುಕೊಂಡರೆ, ಅತಿ ಅಗ್ಗದ ದರ ಏಕೆ ಅಗ್ಗವೆಂಬ ಅನುಮಾನ ತಾನಾಗಿಯೇ ಮೂಡುತ್ತದೆ.

ನಮ್ಮ ಸಂಸ್ಥೆಗೆ ಎರಡು ಸಲಹೆಗಳು. ಕನ್ನಡದಲ್ಲಿ ಒಂದು ಪುಟದ ಮಾದರಿ ಒಪ್ಪಂದ ಪತ್ರವನ್ನು ಮುದ್ರಿಸಿ ನಾಲ್ಕೂ ತಾಲ್ಲೂಕುಗಳ ಸದಸ್ಯರಿಗೆ ಹಂಚಲಿ. ಪ್ರವಾಸದಿಂದ ಮರಳಿದ ಸದಸ್ಯರು ವಾಹನ ಹಾಗೂ ಚಾಲಕರ ಬಗ್ಗೆ ನಾಲ್ಕು ಸಾಲು ಬರೆದಿಡಲು ಕಚೇರಿಯಲ್ಲಿ ಒಂದು ಪುಸ್ತಕವನ್ನಿಡಲಿ. ಸಾಲಗಾರರ ವಿಷಯದಲ್ಲಿ ವರ್ತಕರು ತಲೆತಲಾಂತರದಿಂದ ಮಾಡುತ್ತ ಬಂದಿರುವುದು ಇದನ್ನೇ. ಹಣದ ವಿಷಯದಲ್ಲಿ ತೋರುವ ಈ ಎಚ್ಚರವನ್ನು ಜನರ ಪ್ರಾಣದ ವಿಷಯದಲ್ಲಿಯೂ ತೋರೋಣ.