ಲೆಕ್ಕದ ಇನ್ನೊಂದು ಪ್ರತಿ ಎಲ್ಲಿರಬೇಕು?



ಸಂಘದ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಹೋದ ಮೇಲೆ ಕೆಲಸ ಹಗುರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಹಿಂದೆ ಕಿರ್ದಿ, ಖಾತೆ ಪುಸ್ತಕಗಳನ್ನು ತಿರುವಿ ಹಾಕಿ ಅರ್ಧ ದಿನ ಹುಡುಕಬೇಕಾಗಿದ್ದ ಬಾಕಿ ಈಗ ಒಂದು ಗುಂಡಿ ಒತ್ತಿದರೆ ಕಣ್ಣೆದುರಿಗೆ ಬರುತ್ತದೆ. ಆದರೆ ಪುಸ್ತಕಕ್ಕೆ ಗೆದ್ದಲು ಹಿಡಿದರೆ ನಾಲ್ಕು ಹಾಳೆ ಹೋಗುತ್ತಿತ್ತು; ಯಂತ್ರ ಕೆಟ್ಟರೆ ಎಲ್ಲ ಹಾಳೆಗಳೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಇದನ್ನು ನಾವು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು.

ಹೋದ ವರ್ಷ ಕೃತ್ತಿಕೆ ಮಳೆಯ ಒಂದು ಸಂಜೆ ನಮ್ಮ ಖರೀದಿ ಕೇಂದ್ರವೊಂದರ ಹತ್ತಿರ ಸಿಡಿಲು ಬಡಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಗಣಕಯಂತ್ರ ಸುಟ್ಟಿತ್ತು. ಲೆಕ್ಕದ ಪ್ರತಿ ಇಟ್ಟಿದ್ದ ಹೊರಗಿನ ಹಾರ್ಡ್‌ಡಿಸ್ಕ್ ಕೂಡ ಸುಟ್ಟಿತ್ತು, ಏಕೆಂದರೆ ಅದು ಹಗಲೂ ರಾತ್ರಿ ಆ ಯಂತ್ರಕ್ಕೇ ಸಿಕ್ಕಿಸಿಕೊಂಡಿತ್ತು. ನಮ್ಮ ಮನೆಯ ಬೀರುವಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿದ್ದುದು ಎಂಟು ತಿಂಗಳ ಹಿಂದಿನ ಲೆಕ್ಕ, ಎಂದರೆ ಆ ಹಂಗಾಮಿನ ಕಾಫಿ, ಅಡಿಕೆಯ ಖರೀದಿ ಅದರಲ್ಲಿ ಇರಲೇ ಇಲ್ಲ. ತಪ್ಪು ಕಾರ್ಯದರ್ಶಿಯದು, ಅಂದರೆ ನಮ್ಮದೇ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹದಿನೆಂಟು ದಿನ ಕುಳಿತು ರಸೀದಿಗಳ ಕಾರ್ಬನ್ ಪ್ರತಿಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿದೆವು. ವಯಸ್ಸಾದ ಸದಸ್ಯೆಯೊಬ್ಬರು ಬಿಸ್ಕತ್ತಿನ ಡಬ್ಬಿಯಲ್ಲಿ ಪ್ರತಿಯೊಂದು ತೂಕದ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದರು. ಅವರ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯಿತು. ಇನ್ನೊಬ್ಬರ ಬಳಿ ಚೀಟಿ ಇರಲಿಲ್ಲ, ನಮ್ಮ ಕಾರ್ಬನ್ ಪ್ರತಿಯೂ ಮಸುಕಾಗಿತ್ತು. ಅವರು ಹೇಳಿದ ತೂಕವನ್ನೇ ಒಪ್ಪಿ ಹಣ ಕೊಟ್ಟೆವು. ಅವರು ಸುಳ್ಳು ಹೇಳಲಿಲ್ಲವೆಂದೇ ನಮ್ಮ ನಂಬಿಕೆ. ಆದರೆ ನಂಬಿಕೆ ಲೆಕ್ಕವಲ್ಲ. ಅಂದಿನಿಂದ ಅವರು ಕೇಂದ್ರಕ್ಕೆ ಬಂದಾಗ ಮೊದಲಿನಂತೆ ಕುಳಿತು ಮಾತನಾಡುವುದಿಲ್ಲ. ಯಂತ್ರದ ಬೆಲೆ ಹೋದದ್ದು ಸಣ್ಣ ನಷ್ಟ. ದೊಡ್ಡ ನಷ್ಟ ಇದು.

ಈಗ ಆಡಳಿತ ಮಂಡಲಿಯಲ್ಲಿ ಎರಡು ಅಭಿಪ್ರಾಯಗಳಿವೆ. ಕೆಲವರು, ಒಳ್ಳೆಯ ಡಿಸ್ಕ್ ಕೊಂಡು ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಇಟ್ಟರೆ ಸಾಕು, ನಮ್ಮ ಲೆಕ್ಕ ನಮ್ಮ ಕೈಯಲ್ಲೇ ಇರಲಿ ಎನ್ನುತ್ತಾರೆ. ಕಾಲೇಜು ಓದಿ ಬಂದ ಮಕ್ಕಳಿರುವ ಸದಸ್ಯರು, ಎಲ್ಲವನ್ನೂ ಕ್ಲೌಡ್‌ಗೆ ಹಾಕಿಬಿಡಿ, ಅಂದರೆ ದೂರದ ಕಂಪನಿಯ ಯಂತ್ರಗಳಲ್ಲಿ ಬಾಡಿಗೆಗೆ ಜಾಗ ಪಡೆದು ಅಂತರ್ಜಾಲದ ಮೂಲಕ ಕಳುಹಿಸಿಬಿಡಿ, ಚಿಂತೆಯೇ ಇಲ್ಲ ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಅರ್ಧ ಸತ್ಯ.

ಕಚೇರಿಯಲ್ಲೇ ಪ್ರತಿ ಇರುವುದರ ಲಾಭ ದೊಡ್ಡದು. ಗುಮಾಸ್ತರು ಕೈತಪ್ಪಿ ಒಂದು ಖಾತೆ ಅಳಿಸಿದರೆ ಹತ್ತು ನಿಮಿಷದಲ್ಲಿ ಮರಳಿ ತರಬಹುದು. ಅಂತರ್ಜಾಲ ಬೇಡ, ಬಾಡಿಗೆ ಬೇಡ. ಆದರೆ ಬೀರು ಇರುವುದು ಅದೇ ಸೂರಿನ ಕೆಳಗೆ. ಬೆಂಕಿ, ಕಳ್ಳತನ, ನೆರೆ ಇವು ಯಂತ್ರಕ್ಕೊಂದು, ಬೀರುವಿಗೊಂದು ನ್ಯಾಯ ಮಾಡುವುದಿಲ್ಲ. ೨೦೧೯ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ, ಕಬಿನಿಗಳು ಉಕ್ಕಿ ಹರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ೨೦೨೪ರ ಜುಲೈ ೩೦ರಂದು, ನಮ್ಮ ಹೆಗ್ಗಡದೇವನಕೋಟೆಯ ಗಡಿಯಾಚೆಯ ವಯನಾಡಿನಲ್ಲಿ, ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಬದುಕುಳಿದ ಅನೇಕರ ಕೈಯಲ್ಲಿ ಒಂದು ಕಾಗದವೂ ಉಳಿದಿರಲಿಲ್ಲ. ಅಲ್ಲಿನ ಸರ್ಕಾರ ಶಿಬಿರ ನಡೆಸಿ ಹೊಸ ದಾಖಲೆಗಳನ್ನು ಕೊಡಲು ಸಾಧ್ಯವಾದದ್ದು ಮೂಲ ವಿವರಗಳು ಬೇರೆ ಕಡೆ ಉಳಿದಿದ್ದುದರಿಂದ.

ಹಾಗಾದರೆ ಕ್ಲೌಡ್ ಸಾಕೇ? ಕ್ಲೌಡ್ ಎಂದರೆ ಆಕಾಶದಲ್ಲಿರುವ ಮೋಡವಲ್ಲ. ಅದೂ ಒಂದು ಕಟ್ಟಡ, ಅದರಲ್ಲೂ ಬೆಂಕಿ ಬೀಳುತ್ತದೆ. ೨೦೨೫ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಿಯನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ೮೫೮ ಟೆರಾಬೈಟ್‌ನಷ್ಟು ಉಗ್ರಾಣ ನಾಶವಾಯಿತು. ಅದಕ್ಕೆ ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶಕ್ಕೇ ಈ ಗತಿಯಾದರೆ ನಮ್ಮಂಥವರ ಪಾಡೇನು? ನಮ್ಮ ದೇಶದಲ್ಲೇ ೨೦೨೪ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಒದಗಿಸುವ ಒಂದು ಸಂಸ್ಥೆಯ ಮೇಲೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶದ ದಾಳಿಯಾದಾಗ, ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು ೩೦೦ ಬ್ಯಾಂಕುಗಳ ಪಾವತಿ ಸೇವೆಗೆ ಅಡಚಣೆಯಾಯಿತು. ಎಲ್ಲರೂ ಒಂದೇ ಕಂಬಕ್ಕೆ ಹಸು ಕಟ್ಟಿದರೆ ಕಂಬ ಮುರಿದ ದಿನ ಎಲ್ಲರ ಹಸುವೂ ಹೋಗುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕೆಲವು ಕ್ಲೌಡ್ ಸೇವೆಗಳು ಇಲ್ಲಿ ಆದದ್ದನ್ನೆಲ್ಲ ಅಲ್ಲಿಯೂ ಹಾಗೆಯೇ ಮಾಡುತ್ತವೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕಡತಕ್ಕೆ ಬೀಗ ಬಿದ್ದರೆ ಬೀಗ ಬಿದ್ದ ಕಡತವೇ ಅಲ್ಲಿಗೆ ಹೋಗುತ್ತದೆ. ಅದು ಕನ್ನಡಿ, ಪ್ರತಿಯಲ್ಲ. ಹಳೆಯ ತಾರೀಖಿನ ಪ್ರತಿಗಳನ್ನು ಬೇರೆಯಾಗಿ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಮಾತ್ರ ಉಪಯೋಗ. ಜೊತೆಗೆ ಆಷಾಢದ ಮಳೆಯಲ್ಲಿ ನಮ್ಮ ಕಡೆ ಅಂತರ್ಜಾಲ ಬರುವುದೂ ಹೋಗುವುದೂ ಎಲ್ಲರಿಗೂ ಗೊತ್ತು. ಬಾಡಿಗೆ ಕಟ್ಟುವುದು ಮರೆತರೆ, ಗುಪ್ತಪದ ತಿಳಿದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ, ನಮ್ಮ ಲೆಕ್ಕಕ್ಕೆ ನಾವೇ ಹೊರಗಿನವರಾಗುತ್ತೇವೆ. ಆದ್ದರಿಂದ ಅಂಥ ಖಾತೆ ಸಂಘದ ಹೆಸರಿನಲ್ಲಿರಬೇಕು, ಒಬ್ಬರ ಮೊಬೈಲಿನ ಹೆಸರಿನಲ್ಲಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಸಲಹೆಯನ್ನು ಮುಂದಿಡುತ್ತೇವೆ. ನಮ್ಮ ಹಿರಿಯರಿಗೆ ಮುಯ್ಯಾಳು ಪದ್ಧತಿ ಹೊಸದಲ್ಲ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಲೆಕ್ಕದ ಪ್ರತಿಗೂ ಇದನ್ನೇ ಮಾಡೋಣ. ನಾಲ್ಕು ತಾಲ್ಲೂಕುಗಳಲ್ಲಿಯೂ ನಮ್ಮ ಕೇಂದ್ರಗಳಿವೆ. ಒಂದು ಕೇಂದ್ರದ ಪ್ರತಿ ಇನ್ನೊಂದು ಕೇಂದ್ರದಲ್ಲಿರಲಿ. ಒಂದೇ ನದಿಯ ದಡದ ಎರಡು ಊರುಗಳನ್ನು ಜೋಡಿ ಮಾಡಬಾರದು. ಕಾವೇರಿ ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು ಕೃಷ್ಣರಾಜನಗರಕ್ಕೆ ಬರುತ್ತದೆ, ಲಕ್ಷ್ಮಣತೀರ್ಥ ಹುಣಸೂರನ್ನು ಹಾದುಹೋಗುತ್ತದೆ, ಕೋಟೆಯದು ಕಬಿನಿ. ಆದ್ದರಿಂದ ಹುಣಸೂರಿಗೆ ಪಿರಿಯಾಪಟ್ಟಣವೂ, ಕೃಷ್ಣರಾಜನಗರಕ್ಕೆ ಹೆಗ್ಗಡದೇವನಕೋಟೆಯೂ ಜೋಡಿಯಾಗುವುದು ಸೂಕ್ತ.

ಕೇಂದ್ರಕ್ಕೆ ಮೂರು ಡಿಸ್ಕ್ ಬೇಕು. ಒಂದು ಕಚೇರಿಯಲ್ಲಿ, ಪ್ರತಿ ಸಂಜೆ ಅದಕ್ಕೆ ಲೆಕ್ಕ ಇಳಿಸಿ, ಕೂಡಲೇ ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಸಿಡಿಲಿಗೂ ಆಹಾರ, ಬೀಗ ಹಾಕುವ ತಂತ್ರಾಂಶಕ್ಕೂ ಆಹಾರ. ಎರಡನೆಯದು ಜೋಡಿ ಕೇಂದ್ರದಲ್ಲಿ. ಮೂರನೆಯದು ವಾರಕ್ಕೊಮ್ಮೆ ಗೊಬ್ಬರದ ವ್ಯಾನಿನಲ್ಲಿ ಹೋಗಿ, ಹಳೆಯದನ್ನು ವಾಪಸು ಕಳುಹಿಸಲಿ. ಹೊಸದು ತಲುಪಿದ ಮೇಲೆಯೇ ಹಳೆಯದು ಹೊರಡಬೇಕು. ಸದಸ್ಯರ ಸಾಲ, ಬಾಕಿ ಅನ್ಯರ ಕಣ್ಣಿಗೆ ಬೀಳದಂತೆ ಡಿಸ್ಕ್‌ಗೆ ಗುಪ್ತಪದದ ರಕ್ಷಣೆ ಇರಬೇಕು. ಆ ಗುಪ್ತಪದ ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇರಬೇಕು, ಡಿಸ್ಕ್‌ನ ಜೊತೆಯಲ್ಲಲ್ಲ. ಇದರ ಮೇಲೆ ಕ್ಲೌಡ್‌ನಲ್ಲಿಯೂ ಒಂದು ಪ್ರತಿ ಇಡಲು ಅನುಕೂಲವಿದ್ದರೆ ನಮ್ಮ ವಿರೋಧವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ಯಾವುದಾದರೂ ಹತ್ತು ಸದಸ್ಯರ ಖಾತೆ ತೆರೆದು, ರಸೀದಿಯೊಡನೆ ತಾಳೆ ನೋಡುವುದು. ತೆರೆದು ನೋಡದ ಪ್ರತಿ ಮೊಳಕೆ ಪರೀಕ್ಷಿಸದ ಬಿತ್ತನೆ ಬೀಜದಂತೆ. ಬಿತ್ತಿದ ಮೇಲೆ ಗೊತ್ತಾದರೆ ಹಂಗಾಮು ಹೋದಂತೆಯೇ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿಗಳನ್ನೂ ತನ್ನ ಮನೆಯಲ್ಲೇ ಇಟ್ಟುಕೊಳ್ಳಲಿಲ್ಲ ಎಂಬುದೇ ಇಲ್ಲಿ ನಾವು ಕಲಿಯಬೇಕಾದ ಪಾಠ. ಆಕೆ ಬಸದಿ ಕಟ್ಟಿಸಿದ ಲಕ್ಕುಂಡಿ ಇರುವ ಗದಗ ಸೀಮೆಯಲ್ಲಿಯೇ, ಕಣಗಿನಹಾಳದಲ್ಲಿ, ೧೯೦೫ರಲ್ಲಿ ನಮ್ಮ ನಾಡಿನ ಸಹಕಾರ ಚಳವಳಿಯೂ ಹುಟ್ಟಿತು. ಒಬ್ಬರ ಸೊತ್ತನ್ನು ಇನ್ನೊಬ್ಬರು ಕಾಯುವುದು ನಮಗೆ ಪರಕೀಯವಲ್ಲ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬರಲಿದೆ. ಖರ್ಚು ಕೆಲವು ಡಿಸ್ಕ್‌ಗಳದ್ದು ಮಾತ್ರ. ವ್ಯಾನು ಹೇಗೂ ಓಡುತ್ತದೆ. ಸದಸ್ಯರು ತಮ್ಮ ತೂಕದ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಹಾಗೆಯೇ ಸಭೆಗೆ ಬಂದಾಗ ಲಾಭಾಂಶ ಎಷ್ಟೆಂದು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ಲೆಕ್ಕದ ಪ್ರತಿಯನ್ನು ಕಡೆಯ ಬಾರಿ ತೆರೆದು ನೋಡಿದ್ದು ಯಾವತ್ತು? ಉತ್ತರವಾಗಿ ತಾರೀಖು ಹೇಳಲು ತಡವರಿಸಿದರೆ ನಮ್ಮನ್ನು ಬಿಡಬೇಡಿ.