ದೂರ ಒಗೆಯೋದು ಬೇರೆ, ಕೈಗೆ ಮುಟ್ಟಿಸೋದು ಬೇರೆ

ಕ್ರಿಕೆಟ್ ಟೀಮ್ ಸೆಲೆಕ್ಷನ್‌ನಲ್ಲಿ ಈ ಸಲವೂ ಫೀಲ್ಡಿಂಗ್ ಟೆಸ್ಟ್ ಅಂದ್ರೆ ಅದೇ ಹಳೇದು. ಬೌಂಡರಿ ಗೆರೆ ಮೇಲೆ ನಿಂತು ಮೂರು ಸಲ ಬಾಲ್ ಒಗೀಬೇಕು, ಯಾರದ್ದು ಹೆಚ್ಚು ದೂರ ಬಿತ್ತೋ ಅವರು ಒಳಗೆ. ಬಾಲ್ ಎಲ್ಲಿಗೆ ಹೋಯ್ತು ಅಂತ ಯಾರೂ ಬರ್ಕೊಳ್ಳಲ್ಲ, ಎಷ್ಟು ದೂರ ಅಂತ ಮಾತ್ರ. ನಮ್ಮ ಕಡೆಯ ಒಬ್ಬ ಹುಡುಗ ಹೀಗೇ ಹೊರಗೆ ಬಿದ್ದ. ಅವನು ಒಗೆದ ಮೂರೂ ಬಾಲ್ ಕೀಪರ್‌ನ ಗ್ಲೌಸ್ ಹತ್ರಾನೇ ಬಂದಿದ್ವು, ಆದ್ರೆ ಒಂದೊಂದು ಪುಟ ಬಿದ್ದು. ಆಯ್ಕೆ ಆದವರಲ್ಲಿ ಒಬ್ಬನ ಬಾಲ್ ಸ್ಟಂಪ್ ದಾಟಿ, ಕೀಪರ್ ತಲೆ ಮೇಲೆ ಹಾದು, ಸೈಕಲ್ ಸ್ಟ್ಯಾಂಡ್ ಸೇರ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮ್ಯಾಚ್‌ನಲ್ಲಿ ಅದು ನಾಲ್ಕು ಓವರ್‌ಥ್ರೋ!

‘ನಮ್ಮ ಕಡೆ’ ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ್ರೂ ಯಾರಾದ್ರೂ ಕೇಳಿದ್ರೆ ನಮ್ಮ ಬಾಯಿಗೆ ಬಳ್ಳಾರಿ ಅಂತಾನೇ ಬರುತ್ತೆ. (ಹರಪನಹಳ್ಳಿಯವರನ್ನ ಮಾತ್ರ ಕೇಳ್ಬೇಡಿ. ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಅಂತ ಅವರಿಗೇ ಲೆಕ್ಕ ತಪ್ಪಿದೆ.) ಹಾಸ್ಟೆಲ್‌ನಲ್ಲಿ ಈ ಐದು ತಾಲೂಕಿನವರು ಒಟ್ಟಿಗೆ ಊಟಕ್ಕೆ ಕೂತಾಗ ಸೆಲೆಕ್ಷನ್ ಮಾತು ಬಂತು. ಆ ಮಾತಿನಿಂದಲೇ ಈ ಬರಹ.

ತೋಳಿನ ಬಲಕ್ಕೆ ಬೆಲೆ ಇಲ್ಲ ಅಂತ ನಾವು ಹೇಳ್ತಿಲ್ಲ. ಪಿಯುಸಿ ಫಿಸಿಕ್ಸ್ ಲೆಕ್ಕ ಹಾಕಿ ನೋಡಿ, ಗಾಳಿಯ ತಡೆ ಸದ್ಯಕ್ಕೆ ಬಿಡಿ. 60 ಮೀಟರ್ ದೂರಕ್ಕೆ 45 ಡಿಗ್ರಿಯಲ್ಲಿ ಒಗೆದ್ರೆ ಗಂಟೆಗೆ ಸುಮಾರು 87 ಕಿ.ಮೀ. ವೇಗ ಸಾಕು, ಆದ್ರೆ ಬಾಲ್ ಬರೋಕೆ ಸುಮಾರು 3.5 ಸೆಕೆಂಡ್ ಬೇಕು. 20 ಡಿಗ್ರಿಯಲ್ಲಿ ಚಪ್ಪಟೆಯಾಗಿ ಒಗೆಯೋಕೆ ಸುಮಾರು 109 ಕಿ.ಮೀ. ವೇಗ ಬೇಕು, ಬಾಲ್ 2.1 ಸೆಕೆಂಡ್‌ನಲ್ಲೇ ಬರುತ್ತೆ. ಉಳಿದದ್ದು 1.4 ಸೆಕೆಂಡ್. ಎರಡನೇ ರನ್‌ಗೆ ಓಡೋನ ಪಾಲಿಗೆ ಅದು ಜೀವ ಹೋಗೋ ಹೊತ್ತು. ಹಾಗಾಗಿ ಬಲ ಬೇಕು, ಒಪ್ತೀವಿ.

ಆದ್ರೆ ಅದೇ 60 ಮೀಟರ್‌ನಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದ್ರೆ ಬಾಲ್ ಒಂದು ಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತೆ. ಮೂರು ಸ್ಟಂಪ್ ಸೇರಿ ಅಗಲ 9 ಇಂಚು. ಕೀಪರ್ ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ, ಹಿಡಿದು, ತಿರುಗಿ ಬಂದು ಬೇಲ್ಸ್ ಉದುರಿಸೋ ಹೊತ್ತಿಗೆ ತೋಳು ಗಳಿಸಿದ ಆ 1.4 ಸೆಕೆಂಡ್ ಎಲ್ಲಿ ಉಳೀತು? ಬಲ ಗಳಿಸಿದ್ದನ್ನ ಗುರಿ ಕಳೆಯುತ್ತೆ. ನಮ್ಮ ಟೆಸ್ಟ್ ಗಳಿಕೆ ಮಾತ್ರ ಬರ್ಕೊಳ್ಳುತ್ತೆ.

ನಮ್ಮೂರ ಹೊಲಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಜೋಳ ಹಾಲುಗಾಳು ಆದಾಗ ಹಕ್ಕಿ ಕಾಯೋಕೆ ಅಟ್ಟದ ಮೇಲೆ ನಿಂತು ಕವಣೆ ಬೀಸ್ತಾರೆ. ಹಗ್ಗದ ಒಂದು ತುದಿ ಬೆರಳಿಗೆ ಸಿಕ್ಕಿಸಿರುತ್ತೆ, ಇನ್ನೊಂದು ಹೆಬ್ಬೆರಳ ಕೆಳಗೆ, ನಡುವಿನ ಗೂಡಿನಲ್ಲಿ ಕಲ್ಲು. ಬೀಸಿ ಬೀಸಿ ಒಂದು ತುದಿ ಬಿಡ್ಬೇಕು. ಎಷ್ಟು ಜೋರಾಗಿ ಅನ್ನೋದಕ್ಕಿಂತ ಯಾವಾಗ ಅನ್ನೋದೇ ಅಲ್ಲಿ ಮುಖ್ಯ. ಸೆಕೆಂಡಿಗೆ ಮೂರು ಸುತ್ತು ಅಂತ ಇಟ್ಕೊಂಡ್ರೆ, ಒಂದು ಡಿಗ್ರಿ ಅಂದ್ರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ. ಯಾವ ಗಡಿಯಾರವೂ ಇಲ್ಲದೆ ನಮ್ಮ ಅಜ್ಜಂದಿರು ಅಷ್ಟು ಸರಿಯಾಗಿ ಕಲ್ಲು ಬಿಡ್ತಿದ್ರು. ಹಕ್ಕಿ ಏಳ್ಬೇಕು, ತೆನೆ ಮುರೀಬಾರದು, ಪಕ್ಕದ ಹೊಲದವರ ತಲೆಗೂ ಬೀಳಬಾರದು. ಇದನ್ನ ನಮ್ಮ ಕಡೆ ‘ಕೈ ಹದ’ ಅಂತೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಟಚ್’ ಅನ್ನೋ ಪದ ಮೊದಲು ನೆನಪಾಗುತ್ತೆ, ಆದ್ರೆ ಹದ ಅನ್ನೋದೇ ಹೆಚ್ಚು ಸರಿ. ರೊಟ್ಟಿ ಹಿಟ್ಟಿಗೂ ಅದೇ ಪದ, ಬಿತ್ತೋ ನೆಲಕ್ಕೂ ಅದೇ.

ಕೊಟ್ಟೂರಿನ ತೇರಿನ ದಿನವೂ ನೋಡಿ. ತೇರಿಗೆ ಬಾಳೆಹಣ್ಣು ಒಗೀತಾರಲ್ಲ, ಸಿಟ್ಟು ಬಂದವರ ಹಾಗೆ ಬೀಸಿ ಒಗೆದ್ರೆ ಹಣ್ಣು ಅರ್ಧ ಕೈಯಲ್ಲೇ ಉಳಿಯುತ್ತೆ, ಉಳಿದರ್ಧ ಮುಂದೆ ನಿಂತವರ ಬೆನ್ನಿಗೆ. ಹಗುರವಾಗಿ ಹಿಡಿದು ಮೇಲಕ್ಕೆ ತೇಲಿಸಿದವರದ್ದೇ ತೇರು ಮುಟ್ಟೋದು.

ಅಮೆರಿಕದವರ ಫುಟ್‌ಬಾಲ್‌ನಲ್ಲಿ ಇದೇ ಜಗಳ ಬಹಳ ವರ್ಷಗಳಿಂದ ಇದೆ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನೋ ಆಟಗಾರನ ಕೆಲಸ ಓಡ್ತಿರೋ ಜೊತೆಗಾರನ ಕೈಗೆ ಬಾಲ್ ಎಸೆಯೋದು. ಅವನು ಈಗ ಇರೋ ಜಾಗಕ್ಕೆ ಎಸೆದ್ರೆ ಆಗಲ್ಲ, ಮುಂದೆ ಬಂದು ಸೇರೋ ಜಾಗಕ್ಕೆ ಎಸೀಬೇಕು. 2007ರ ಡ್ರಾಫ್ಟ್‌ನಲ್ಲಿ ಜಮಾರ್ಕಸ್ ರಸೆಲ್ ಮೊದಲ ಆಯ್ಕೆ. ಅವನ ತೋಳು ನೋಡಿ ಎಲ್ಲರೂ ಬೆರಗಾಗಿದ್ರು. ಮೂರು ಸೀಸನ್ ಆಡಿದ, ಅಲ್ಲಿಗೆ ಮುಗೀತು (ತೋಳಿಗೆ ಸಂಬಂಧ ಇಲ್ಲದ ಕಾರಣಗಳೂ ಇದ್ವು ಅನ್ನಿ). 2000ದಲ್ಲಿ ತೋಳು ಅಷ್ಟು ಗಟ್ಟಿ ಇಲ್ಲ ಅಂತ ಅನ್ನಿಸ್ಕೊಂಡ ಟಾಮ್ ಬ್ರೇಡಿ 199ನೇ ಆಯ್ಕೆ. ಅವನು ಗೆದ್ದದ್ದು ಏಳು ಸೂಪರ್ ಬೌಲ್. ಕೋಟಿಗಟ್ಟಲೆ ದುಡ್ಡು ಸುರಿದು ಅಳೆಯೋರೂ ಸುಲಭವಾಗಿ ಅಳೆಯೋಕೆ ಆಗೋದನ್ನೇ ಅಳೆದು ಮೋಸ ಹೋಗ್ತಾರೆ.

ಅಷ್ಟು ದೂರ ಯಾಕೆ, ಮೈಸೂರಿನ ಬಿ.ಎಸ್. ಚಂದ್ರಶೇಖರ್ ಇಲ್ವಾ? ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಬಾಲ್ ಎಸೆಯೋಕೆ ಎಡಗೈ ಬಳಸ್ತಿದ್ರು, ಬೌಲಿಂಗ್‌ಗೆ ಮಾತ್ರ ಆ ಸೊರಗಿದ ಬಲಗೈಯೇ. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. 58 ಟೆಸ್ಟ್‌ನಲ್ಲಿ 242 ವಿಕೆಟ್. (ಹೊಡೆದ ರನ್ 167. ನಮ್ಮಲ್ಲಿ ಬ್ಯಾಟಿಂಗ್ ಬರದವರಿಗೆ ಇದಕ್ಕಿಂತ ಧೈರ್ಯ ಬೇಕಾ?) ಆ ಬಲಗೈಯನ್ನ ನಮ್ಮ ಬೌಂಡರಿ ಗೆರೆ ಮೇಲೆ ನಿಲ್ಲಿಸಿ ‘ಒಗಿ’ ಅಂದಿದ್ರೆ ಮೊದಲ ರೌಂಡ್‌ನಲ್ಲೇ ಮನೆಗೆ ಕಳಿಸ್ತಿದ್ವು.

ಟೆಸ್ಟ್ ಬದಲಾಯಿಸೋಕೆ ದುಡ್ಡೇನೂ ಬೇಡ. ಒಂದು ಸ್ಟಂಪ್ ನೆಡಿ, ಪಕ್ಕದಲ್ಲಿ ಕೀಪರ್ ನಿಲ್ಲಿಸಿ. 40 ಮೀಟರ್‌ನಿಂದ ಐದು, 60 ಮೀಟರ್‌ನಿಂದ ಐದು ಸಲ ಒಗೆಸಿ. ಬಾಲ್ ಕೈ ಬಿಟ್ಟಾಗಿನಿಂದ ಕೀಪರ್ ಗ್ಲೌಸ್ ಸ್ಟಂಪ್ ಮುಟ್ಟೋವರೆಗೆ ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿ. ಇದರಲ್ಲಿ ಬಲವೂ ಬಂತು, ಹದವೂ ಬಂತು. ಜೋರು ತೋಳಿನವನು ಸರಿಯಾಗಿ ಒಗೆದ್ರೆ ಅವನೇ ಗೆಲ್ತಾನೆ, ನಮಗೆ ತಕರಾರಿಲ್ಲ.

ಸೆಲೆಕ್ಷನ್ ಲಿಸ್ಟ್ ಇನ್ನೂ ನೋಟಿಸ್ ಬೋರ್ಡ್‌ಗೆ ಬಂದಿಲ್ಲ. ಬರೋ ಭಾನುವಾರ ಬೆಳಿಗ್ಗೆ 7ಕ್ಕೆ ಗ್ರೌಂಡಿನಲ್ಲಿ ನಾವೇ ಈ ಟೆಸ್ಟ್ ಇಟ್ಕೊಂಡಿದೀವಿ. ಕ್ಯಾಪ್ಟನ್‌ಗೂ ಹೇಳಿದೀವಿ. ಆಯ್ಕೆ ಆದವರೂ ಬನ್ನಿ, ಹೊರಗೆ ಬಿದ್ದವರೂ ಬನ್ನಿ. ಬಾಲ್ ನಮ್ಮದು, ಸ್ಟಾಪ್‌ವಾಚ್ ನಿಮ್ಮದು.